ಮೊದಲ ಮೆಟ್ಟಿಲಿನ ಬಣ್ಣ

"ನಮ್ಮ ಬೀದಿ ಯಾವುದು ಇದರಲ್ಲಿ?"

ಅತ್ತಿಗೆ ಮಗುವನ್ನು ಸೊಂಟದಿಂದ ಇಳಿಸದೆಯೇ ಆರೋಗ್ಯ ಕಚೇರಿಯ ಗೋಡೆಯ ನಕ್ಷೆಯ ಮುಂದೆ ನಿಂತಿದ್ದಳು. ಮೂರು ಮಹಡಿ ಹತ್ತಿ ಬಂದವಳು ಅವಳು. ಏದುಸಿರು ಮಾತ್ರ ಮಗುವಿನದು. ನಕ್ಷೆ ಬರೆಯುವ ನಾದಿನಿ ಕುರ್ಚಿಯಿಂದೆದ್ದು ಬಂದು ಬೆರಳಿಟ್ಟು ತೋರಿಸಿದಳು. ಕೆನೆ ಬಣ್ಣದ ಒಂದು ತುಂಡು.

"ಗುಡ್ಡದ ಮೇಲಿನ ಬಂಗಲೆಗಳು?"

ಅದೂ ಕೆನೆ.

"ಓಹೋ. ಅವರೂ ನಾವೂ ಯಾವಾಗಿಂದ ಬೀಗರಾದ್ವಿ?"

ಉಬ್ಬಸದ ಮಕ್ಕಳು ಊರಿನಲ್ಲಿ ಎಲ್ಲಿ ಎಷ್ಟು ಎಂದು ತೋರಿಸುವ ನಕ್ಷೆ ಅದು. ಕಂದು ಬಣ್ಣವಿದ್ದ ಕಡೆಗೆ ಉಸಿರಿನ ಯಂತ್ರದ ವ್ಯಾನು ಹೋಗುತ್ತದೆ. ಕೆನೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ನಾದಿನಿ ಮೆಲ್ಲಗೆ ಬಿಡಿಸಿ ಹೇಳಿದಳು. ಸುಣ್ಣದ ಭಟ್ಟಿಯ ಪಕ್ಕದ ಕೇರಿಯಲ್ಲಿ ಸಾವಿರ ಮಕ್ಕಳಿಗೆ ನೂರು. ಆ ನೂರನ್ನು ಸಮನಾಗಿ ಐದು ಮೆಟ್ಟಿಲು ಮಾಡಿದರೆ ಒಂದೊಂದು ಮೆಟ್ಟಿಲು ಇಪ್ಪತ್ತು, ಒಂದೊಂದಕ್ಕೂ ಒಂದು ಬಣ್ಣ. ಗುಡ್ಡದ ಮೇಲೆ ಎರಡು, ಅತ್ತಿಗೆಯ ಬೀದಿಯಲ್ಲಿ ಹದಿನೆಂಟು. ಇಬ್ಬರೂ ಮೊದಲ ಮೆಟ್ಟಿಲಲ್ಲೇ, ಅದಕ್ಕೇ ಕೆನೆ.

"ಎರಡೂ ಹದಿನೆಂಟೂ ಒಂದೇನಾ? ಹಾಗಾದ್ರೆ ನಿನ್ನ ಜಡೆಯೂ ನಿಮ್ಮ ಸಾಹೇಬರ ಬೋಳು ತಲೆಯೂ ಒಂದೇ ಅನ್ನು."

ಮಾತು ಕೇಳಿ ಸಾಹೇಬರು ಒಳಕೋಣೆಯಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ, ಮಗುವಿಗೆಂದು ಕುರ್ಚಿ ಎಳೆದು ಹಾಕಿದರು. ಅತ್ತಿಗೆ ಕೂರಿಸಲಿಲ್ಲ.

"ನೋಡಮ್ಮ, ಇರೋದು ಒಂದೇ ವ್ಯಾನು. ನಾಲ್ಕು ಕೇರಿಗೆ ಕಂದು ಬಳಿದು ಎಲ್ಲಿಗೆ ಅಂತ ಕಳಿಸೋದು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಓದುವವರಿಗೆ ಸುಲಭ ಎಂದಷ್ಟೇ ಹೇಳಿ ಸಮ ಮೆಟ್ಟಿಲು ಮಾಡಿಸಿದ್ದರು ಅವರು. ವ್ಯಾನಿನ ಅಳತೆಗೆ ಮೆಟ್ಟಿಲು ಕಡಿದದ್ದೆಂದು ನಾದಿನಿಗೆ ಈಗ ತಿಳಿಯಿತು.

"ಚಾಚಬೇಡಿ ಅನ್ನಿ, ಮಡಚಿಕೊಂಡು ಮಲಗ್ತೀವಿ," ಅಂದಳು ಅತ್ತಿಗೆ. "ನಮಗೆ ಕಾಲೇ ಇಲ್ಲ ಅಂತ ಗೋಡೆಗೆ ಬರೆದು ಹಾಕಿದ್ದೀರಲ್ಲ, ಸ್ವಾಮಿ."

"ನಕ್ಷೆಗೆ ಸಹಿ ಆಗಿಹೋಗಿದೆ," ಎಂದು ಸಾಹೇಬರು ಒಳಗೆ ನಡೆದರು.

ನಾದಿನಿ ಮೇಜಿನ ಕೆಳಗಿದ್ದ ಕಾಗದದ ಸುರುಳಿಯನ್ನು ಸಿಟ್ಟಿನಿಂದ ಎಳೆದು ಬಿಡಿಸಿದಳು. ಅದರಲ್ಲಿ ಮೆಟ್ಟಿಲು ಸಮವಿರಲಿಲ್ಲ. ಅಂಕಿಗಳ ನಡುವೆ ಎಲ್ಲಿ ಹಳ್ಳ ಬಿದ್ದಿತ್ತೋ ಅಲ್ಲಿಗೇ ಗೆರೆ ಹಾಕಿದ್ದಳು. ನಾಲ್ಕರ ಬೀದಿಗಳು ಮುಗಿದ ಮೇಲೆ ಒಮ್ಮೆಲೇ ಹದಿನೈದರವು. ನಡುವೆ ಒಂದು ಗೆರೆ. ಗುಡ್ಡ ಕೆನೆಯಾಗಿಯೇ ಇತ್ತು. ಅತ್ತಿಗೆಯ ಬೀದಿ ಕಂದಾಗಿತ್ತು.

"ನೋಡಿ ಅತ್ತಿಗೆ, ಇದು ಸರಿಯಾದದ್ದು. ಅವರೇ ಬೇಡ ಅಂದ್ರು."

ಅತ್ತಿಗೆ ತನ್ನ ಬೀದಿಯ ಮೇಲೆ ಬೆರಳಿಟ್ಟಳು. "ಇದನ್ನ ಯಾವಾಗ ಮಾಡ್ದೆ?"

"ಆವಾಗಲೇ. ಎರಡೂ ಒಟ್ಟಿಗೇ ಮಾಡಿದ್ದೆ."

"ಆವಾಗಲೇ." ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಅವರಾದ್ರೂ ನಮ್ಮ ಬೀದಿ ಕಂಡಿಲ್ಲ. ನೀನು ವಾರವಾರ ಬಂದು ಉಂಡು ಹೋಗ್ತೀಯಲ್ಲೇ. ಇವನ ಬೆನ್ನು ನೀವಿ ಹೋಗ್ತೀಯಲ್ಲೇ."

ಅತ್ತಿಗೆ ಬಾಗಿಲು ದಾಟಿ ಹೋದಳು.

ನಾದಿನಿ ಗೋಡೆಯ ಮೇಲಿನ ನಕ್ಷೆಯ ಪಿನ್ನುಗಳನ್ನು ಕಿತ್ತಳು. ಅದು ಜಾರಿ ನೆಲಕ್ಕೆ ಬಿತ್ತು. ಆ ಜಾಗಕ್ಕೆ ಇನ್ನೊಂದನ್ನು ಹಿಡಿದಳು.

"ಏನಮ್ಮ ಅದು ಸದ್ದು?" ಒಳಗಿನಿಂದ ಸಾಹೇಬರು ಕೇಳಿದರು.

ಮೂರು ಪಿನ್ನು ಗೋಡೆಗೆ ಇಳಿದವು. ನಾಲ್ಕನೆಯದು ಬಾಗಿತು. ಬಾಗಿದ್ದನ್ನೇ ಹೆಬ್ಬೆರಳಿನಿಂದ ಒತ್ತುತ್ತ ನಿಂತಳು.