ಬೇರೆಯವರ ದುಡ್ಡು

ಮರಿಗೆ ಕಿವಿ ಕೇಳಿಸುವುದಿಲ್ಲ. ಆದರೆ ನಾನು ಹೊಲಿಗೆ ಯಂತ್ರದ ಮುಂದೆ ಕೂತರೆ ಸಾಕು, ಅಂಗಡಿಯ ಯಾವ ಮೂಲೆಯಲ್ಲಿದ್ದರೂ ಓಡಿಬಂದು ಅದರ ಹಲಗೆಯ ಮೇಲೆ ಕೆನ್ನೆ ಒತ್ತಿ ನಿಲ್ಲುತ್ತಾಳೆ. ಮರದ ನಡುಕ ಅವಳ ಕೆನ್ನೆಗೆ ಸಿಗುತ್ತದೆ. ನೋಡಿದ ಗಿರಾಕಿಗಳು "ಪಾಪ" ಎನ್ನುತ್ತಾರೆ. ಹಾಗೆಂದವರ ಬಟ್ಟೆಯನ್ನು ನಾನು ಬೇಕೆಂದೇ ತಡಮಾಡಿ ಕೊಡುತ್ತೇನೆ.

ಅವಳು ನನ್ನ ತಮ್ಮನ ಮಗಳು. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅವನೂ ಅವನ ಹೆಂಡತಿಯೂ ಕೆಲಸಕ್ಕೆ ಹೊರಟರೆಂದರೆ ಮರಿ ನನ್ನ ಪಾಲಿಗೆ. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಈ ವರ್ಷವೇ ಆಗಬೇಕು, ತಡವಾದಷ್ಟೂ ಮಾತು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಸಾಯುವಾಗ ತಮ್ಮನ ಹೆಸರಿಗೆ ಒಂದಿಷ್ಟು ಷೇರು ಬಿಟ್ಟು ಹೋಗಿದ್ದಳು. ಅವನ್ನು ಮಾರಿದರೆ ಆಪರೇಷನ್ನಿನ ಮುಕ್ಕಾಲು ಖರ್ಚು ಹುಟ್ಟುತ್ತಿತ್ತು. ಉಳಿದ ಕಾಲು ಭಾಗಕ್ಕೆ ತಮ್ಮ ಒಂದು ದಾರಿ ಹುಡುಕಿದ. ಷೇರು ಮಾರದೆ, ಅವನ್ನೇ ಬ್ರೋಕರ್ ಬಳಿ ಅಡವಿಟ್ಟು, ಆ ಬಲದ ಮೇಲೆ ಫ್ಯೂಚರ್ಸ್ ಕೊಂಡ, ಅಂದರೆ ಮಾರುಕಟ್ಟೆ ಏರುತ್ತದೆಂದು ಬಾಜಿ ಕಟ್ಟಿದ.

ಆ ಬ್ರೋಕರ್ ಕಚೇರಿಯಲ್ಲೇ ನನ್ನ ಗಂಡನ ಕೆಲಸ. ಯಾರ ಖಾತೆಯಲ್ಲಿ ಮಾರ್ಜಿನ್, ಅಂದರೆ ನಷ್ಟಕ್ಕೆ ಆಧಾರವಾಗಿ ಇಡಬೇಕಾದ ಹಣ, ಕಡಿಮೆಯಾಯಿತು ಎಂದು ಪರದೆ ನೋಡುತ್ತಾ ಕೂರುವ ಕೆಲಸ. ಮನೆಗೆ ಬಂದರೂ ಅವರ ಬಾಯಲ್ಲಿ ಅದೇ ಪಾಠ. ನಾನು ಸಾರಿಗೆ ಉಪ್ಪು ಸಾಲದು ಎಂದರೂ ನಿಯಮ ಹೇಳುವ ಮನುಷ್ಯ. ತಮ್ಮನಿಗೂ ಬಿಡಿಸಿ ಹೇಳಿದ್ದರು.

"ಅಡವಿಟ್ಟ ಷೇರಿಗೆ ಪೂರ್ತಿ ಬೆಲೆ ಹಿಡಿಯಲ್ಲ, ಸ್ವಲ್ಪ ಕತ್ತರಿಸ್ತಾರೆ. ಮಾರ್ಕೆಟ್ ಬಿದ್ರೆ ಆ ದಿನದ ನಷ್ಟಾನ ಕೈಯಿಂದ ತುಂಬಬೇಕು. ತುಂಬ್ಲಿಲ್ಲ ಅಂದ್ರೆ ಫ್ಯೂಚರ್ಸೂ ಮುರೀತಾರೆ, ಷೇರೂ ಮಾರ್ತಾರೆ. ಬೇಡ ಕಣಯ್ಯಾ."

"ಒಂದೇ ಒಂದ್ ಸಲ ಭಾವ. ಮರಿದು ಆಗ್ಲಿ, ಆಮೇಲೆ ಆ ಕಡೆ ತಲೆ ಹಾಕಿ ಮಲಗಲ್ಲ."

ನಾನೇ ನಡುವೆ ಬಾಯಿ ಹಾಕಿ, "ಅವನ ಷೇರು, ಅವನಿಷ್ಟ, ಸುಮ್ನಿರಿ" ಎಂದು ಗಂಡನ ಬಾಯಿ ಮುಚ್ಚಿಸಿದೆ.

ಮಾರುಕಟ್ಟೆ ಕುಸಿದ ದಿನ ಬೆಳಿಗ್ಗೆಯೇ ಗಂಡನ ಫೋನು ಬಂತು. ಹತ್ತಿರದ ಸಂಬಂಧಿಕರ ಖಾತೆಯನ್ನು ಅವರು ಮುಟ್ಟುವಂತಿಲ್ಲ, ತಮ್ಮನ ಖಾತೆ ಪಕ್ಕದ ಮೇಜಿನವರ ಕೈಯಲ್ಲಿತ್ತು.

"ಅವನು ಫೋನ್ ಎತ್ತಾ ಇಲ್ಲ. ಮಧ್ಯಾಹ್ನ ಎರಡರೊಳಗೆ ದುಡ್ಡು ಹಾಕೋಕೆ ಹೇಳು, ಇಲ್ಲಾಂದ್ರೆ ಮಾರಿಬಿಡ್ತಾರೆ" ಎಂದವರು, ಸಾಹೇಬರು ಕರೆದರೆಂದು ಇಟ್ಟೇಬಿಟ್ಟರು.

ತಮ್ಮ ಎತ್ತುವುದಾದರೂ ಹೇಗೆ? ಲಿಫ್ಟಿನ ಬಾವಿಗೆ ಇಳಿಯುವವರು ಜೇಬಿನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಜಾರಿದರೆ ಕೆಳಗಿದ್ದವನ ತಲೆ ಒಡೆಯುತ್ತದೆ. ಫೋನು ಹೊರಗೆ, ಸಲಕರಣೆ ಪೆಟ್ಟಿಗೆಯಲ್ಲಿ. ಅವನ ಹತ್ತಿರ ದುಡ್ಡಿಲ್ಲವೆಂಬುದೂ ನನಗೆ ಗೊತ್ತು. ಹೊಸ ಹೊಲಿಗೆ ಯಂತ್ರಕ್ಕೆಂದು ನಾನು ಕೂಡಿಟ್ಟದ್ದು ಬ್ಯಾಂಕಿನಲ್ಲಿತ್ತು. ದುಡ್ಡು ಯಾವ ಖಾತೆಗೆ ಕಟ್ಟಬೇಕೆಂದು ಬ್ರೋಕರ್ ಕಳಿಸಿದ್ದ ಸಂದೇಶವನ್ನು ತಮ್ಮ ಹಿಂದೊಮ್ಮೆ ನನಗೂ ಕಳಿಸಿದ್ದ. ಅದನ್ನು ಹುಡುಕಿ, ಅವನ ಹೆಸರು ನಮೂದಿಸಿ, ನನ್ನ ದುಡ್ಡನ್ನೆಲ್ಲ ನೇರ ಅಲ್ಲಿಗೇ ಹಾಕಿದೆ. 'ಹೋಯಿತು' ಎಂದು ಫೋನು ಹೇಳಿತು. ಹಾಲು ಕುಡಿದಷ್ಟು ಹೊಟ್ಟೆ ತಂಪಾಯಿತು.

ಅಂಗಡಿಗೆ ಬೀಗ ಹಾಕಿ, ಫೋನನ್ನು ಸೊಂಟದ ಚೀಲಕ್ಕೆ ತುರುಕಿ, ಮರಿಯನ್ನು ಎತ್ತಿಕೊಂಡು, ಅವನಿದ್ದ ಕಟ್ಟಡಕ್ಕೆ ಹೋದೆ. ಗಾರೆ ಧೂಳು, ಗೋಡೆ ಕೊರೆಯುವ ಸದ್ದು. ತಮ್ಮ ಕೈತುಂಬ ಗ್ರೀಸು ಮೆತ್ತಿಕೊಂಡು ಹೊರಗೆ ಬಂದ. ವಿಷಯ ಕೇಳಿ ಮೂಲೆಗೆ ಓಡಿದ. ಪೆಟ್ಟಿಗೆಯಿಂದ ಫೋನು ತೆಗೆದ.

"ಇನ್ನೂ ಹೊತ್ತಿದೆ ಅಕ್ಕಾ. ಅರ್ಧ ಫ್ಯೂಚರ್ಸ್ ನಾನೇ ಮಾರಿ ಹಗುರ ಮಾಡ್ಕೊಳ್ತೀನಿ. ನಷ್ಟ ಆದ್ರೆ ಆಗ್ಲಿ, ಷೇರಾದ್ರೂ ಉಳಿಯುತ್ತೆ."

"ಏನೂ ಬೇಡ. ದುಡ್ಡು ಹಾಕಿದೀನಿ."

"ಮಷಿನ್ಗೆ ಇಟ್ಟಿದ್ದಾ?"

"ಮಷಿನ್ ಎಲ್ಲಿಗೆ ಓಡಿಹೋಗುತ್ತೆ? ನೀನು ನೆಮ್ಮದಿಯಾಗಿ ಕೆಲಸ ಮಾಡು, ಹೋಗು."

ಅವನ ಕಣ್ಣು ತುಂಬಿತು. ಮುಂಗೈಯಿಂದ ಒರೆಸಿಕೊಂಡು, ಮೂಗಿಗೆಲ್ಲ ಗ್ರೀಸು ಮಾಡಿಕೊಂಡು, ಮಗಳಿಗೆ ಕೋತಿಮುಖ ಮಾಡಿ ತೋರಿಸಿದ. ಮರಿ ನಗಲಿಲ್ಲ. ನನ್ನ ಸೊಂಟದ ಚೀಲದ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಹಿಡಿದು ತಿರುಗಿಸಿಕೊಂಡಳು. ಚೀಲವನ್ನು ಬಡಿದಳು, ಜಗ್ಗಿದಳು, ನನ್ನ ಕೈಯನ್ನು ಎಳೆದು ಅದರ ಮೇಲೆ ಒತ್ತಲು ನೋಡಿದಳು.

"ಇವಳಿಗೆ ಹಸಿವು" ಎಂದೆ. ತಮ್ಮ ಫೋನನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಒಳಗೆ ಇಳಿದ. ನಾನು ರಸ್ತೆಯಾಚೆಯ ಅಂಗಡಿಯಲ್ಲಿ ಬಿಸ್ಕತ್ತು ಕೊಡಿಸಿದೆ. ಅವಳು ಬಿಸ್ಕತ್ತನ್ನು ಕೆಳಗೆ ಎಸೆದು ಮತ್ತೆ ಚೀಲವನ್ನೇ ಬಡಿದಳು. ಹಟಮಾರಿ ಎಂದು ಬೆನ್ನಿಗೊಂದು ಪೆಟ್ಟು ಕೊಟ್ಟೆ.

ಸಂಜೆ ಗಂಡ ಕಚೇರಿಯಿಂದ ನೇರ ಅಂಗಡಿಗೆ ಬಂದರು. ಮುಖ ನೋಡಿಯೇ ತಿಳಿಯಿತು.

"ಮಾರಿಬಿಟ್ರು. ಎಲ್ಲಾ."

"ದುಡ್ಡು ಹಾಕಿದ್ನಲ್ರೀ!"

"ನೀನು ಹಾಕ್ದೆ, ಅದೇ ತಪ್ಪಾಗಿದ್ದು. ಖಾತೆ ಯಾರದೋ ಅವರ ಬ್ಯಾಂಕಿನಿಂದಲೇ ಬರಬೇಕು. ಬೇರೆಯವರ ದುಡ್ಡು ತಗೊಳ್ಳೋ ಹಾಗಿಲ್ಲ. ವಾಪಸ್ ಕಳಿಸಿದ್ರು."

"ಬೇರೆಯವರಾ? ನಾನು ಅವನ ಅಕ್ಕ ಕಣ್ರೀ! ಎತ್ತಿ ಆಡಿಸ್ದೋಳು! ಜಗತ್ತಿಗೆಲ್ಲ ಪಾಠ ಹೇಳ್ತೀರಲ್ಲ, ನನಗೊಂದು ಮಾತು ಹೇಳೋಕೆ ನಿಮ್ಮ ನಾಲಿಗೆಗೆ ಏನಾಗಿತ್ತು?"

ಅವರು ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. "ವಾಪಸ್ ಆದ ತಕ್ಷಣ ನಿಂಗೆ ಫೋನ್ ಮಾಡ್ದೆ. ಮತ್ತೆ ಮತ್ತೆ ಮಾಡ್ದೆ. ಅವನ ಖಾತೆಗೆ ಕಳಿಸಿ, ಅವನ ಕೈಲಿ ಹಾಕ್ಸು ಅಂತ ಹೇಳೋಕೆ. ಇನ್ನೂ ಟೈಮಿತ್ತು."

ಚೀಲದಿಂದ ಫೋನು ತೆಗೆದೆ. ಕಟ್ಟಡದ, ರಸ್ತೆಯ, ಹೊಲಿಗೆಯ ಸದ್ದಿನಲ್ಲಿ ನನಗೆ ಕೇಳಿಸದ ಕರೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು. ಚೀಲದ ಮೇಲೆ ಕೈಯಿಟ್ಟಿದ್ದ ಮರಿಗೆ ಫೋನಿನ ನಡುಕ ಸಿಕ್ಕಿತ್ತು. ಅಷ್ಟೂ ಹೊತ್ತು ಅವಳು ನನಗೆ ಹೇಳುತ್ತಲೇ ಇದ್ದಳು. ನಾನು ಹೊಡೆದಿದ್ದೆ. ಗಿರಾಕಿಗಳು ನಿಂತಿದ್ದರೂ ಲೆಕ್ಕಿಸದೆ ಗೋಳೋ ಎಂದು ಅತ್ತುಬಿಟ್ಟೆ. ನನ್ನ ದುಡ್ಡು ಮಾತ್ರ ಒಂದು ಪೈಸೆ ಮುಕ್ಕಾಗದೆ ನನ್ನ ಖಾತೆಗೆ ಬಂದು ಕೂತಿತ್ತು.

ತಮ್ಮ ಬರುವ ಹೊತ್ತಿಗೆ ಮಾರುಕಟ್ಟೆ ಮತ್ತೆ ಹಿಂದಿನ ದಿನದ ಬೆಲೆಗೇ ಎದ್ದು ಮುಚ್ಚಿತ್ತಂತೆ. ನಡೆದದ್ದನ್ನೆಲ್ಲ ನನ್ನ ಗಂಡ ಅವನಿಗೆ ಫೋನಿನಲ್ಲೇ ಹೇಳಿದ್ದರು. ಬೈಯಲಿ ಎಂದು ಕಾದೆ.

"ನೀನು ಹಾಕಿದ್ಯಲ್ಲ ಅಕ್ಕಾ. ಇದ್ದಬದ್ದಿದ್ದೆಲ್ಲ ಹಾಕ್ದೆ. ಬಿಡು" ಎಂದ.

ಮರಿಗೆ ಇದ್ಯಾವುದೂ ಗೊತ್ತಿಲ್ಲ. ನಾನು ಯಂತ್ರದ ಮುಂದೆ ಕೂತಿದ್ದೇನೆ, ಇನ್ನೂ ಯಾಕೆ ಓಡಿಸುತ್ತಿಲ್ಲ ಎಂಬುದಷ್ಟೇ ಅವಳ ಚಿಂತೆ. ಬಂದು ಹಲಗೆಗೆ ಕೆನ್ನೆ ಒತ್ತಿ, ಕಣ್ಣರಳಿಸಿ ನನ್ನನ್ನೇ ನೋಡಿದಳು. ಹೊಲಿಯಲು ಕೈಯಲ್ಲಿ ಬಟ್ಟೆಯಿರಲಿಲ್ಲ. ಬರಿದೇ ತುಳಿದೆ. ಅವಳು ಕಣ್ಣು ಮುಚ್ಚಿ ನಕ್ಕಳು. ತಮ್ಮ ಅವಳ ಎದುರಿಗೆ ಮಂಡಿಯೂರಿ, ಗ್ರೀಸು ಹತ್ತಿದ ಕೆನ್ನೆಯನ್ನು ಅದೇ ಹಲಗೆಗೆ ಒತ್ತಿ ಕಣ್ಣು ಮುಚ್ಚಿದ. ನಾನು ಕಾಲು ನಿಲ್ಲಿಸದೆ ತುಳಿಯುತ್ತಲೇ ಇದ್ದೆ.