ಬಾರ್ಬಾರಿನಲ್ಲಿ ಹುಡುಗಿ ನೋಡಿದ್ದು

ಹುಡುಗಿ ನೋಡುವುದು ದೇವಸ್ಥಾನದಲ್ಲೇ ಆಗಬೇಕೆಂಬುದು ಪಂಕಜಾಕ್ಷಿಯ ಹಟ. ಮಂಗಳೂರಿನ ಕಡೆ ಹಾಗೆ ಮಾಡುವುದುಂಟು. ಎರಡೂ ಕಡೆಯವರು ಅಕಸ್ಮಾತ್ತಾಗಿ ಸಿಕ್ಕವರ ಹಾಗೆ ದರ್ಶನಕ್ಕೆ ಬರುತ್ತಾರೆ, ನೋಡುವುದನ್ನು ನೋಡುತ್ತಾರೆ, ಸರಿಬೀಳದಿದ್ದರೆ ಪ್ರಸಾದ ಹಿಡಿದುಕೊಂಡು ತಂತಮ್ಮ ದಾರಿ ಹಿಡಿಯುತ್ತಾರೆ. ಯಾರ ಮನೆಯ ಮಾನವೂ ಹೋಗುವುದಿಲ್ಲ. ಆದರೆ ಇಲ್ಲಿ ಬಹರೈನಿನಲ್ಲಿ, ಮನಾಮದ ದೇವಸ್ಥಾನಕ್ಕೆ ಶುಕ್ರವಾರದ ರಜೆಯಲ್ಲಿ ಕಾಲಿಟ್ಟರೆ ಅರ್ಧ ಮಂಗಳೂರೇ ಅಲ್ಲಿರುತ್ತದೆ. ಸಂಬಂಧ ಕೂಡುವ ಮೊದಲೇ ಸುದ್ದಿ ಸುರತ್ಕಲ್ ಮುಟ್ಟಿರುತ್ತದೆ.

ಅದಕ್ಕೇ ಅವಳು ನಮ್ಮವರು ಒಬ್ಬರೂ ಹೋಗದ ದೇವಸ್ಥಾನವೊಂದನ್ನು ಹುಡುಕಿದಳು. ಬಾರ್ಬಾರ್ ಹಳ್ಳಿಯ ಪಕ್ಕದಲ್ಲಿ, ನಾಲ್ಕು ಸಾವಿರ ವರ್ಷ ಹಳೆಯದು, ಮೇಲೆ ಮಾಡು ಇಲ್ಲ, ಒಳಗೆ ದೇವರಿಲ್ಲ, ಭಟ್ಟರಂತೂ ಇಲ್ಲವೇ ಇಲ್ಲ.

"ದೇವರೇ ಇಲ್ಲದ ದೇವಸ್ಥಾನದಲ್ಲಿ ಎಂತ ಹುಡುಗಿ ನೋಡುವುದು ಮಾರಾಯ್ತಿ?" ಎಂದ ಗಂಡ ಮೋಹನದಾಸ.

"ದೇವಸ್ಥಾನ ಅಂದ್ರೆ ದೇವಸ್ಥಾನ. ನೀವು ಕಾರು ಬಿಡಿ ಸಾಕು."

ಹಿಂದಿನ ಸೀಟಿನಲ್ಲಿ ಕೂತಿದ್ದ ಜ್ಯೋತ್ಸ್ನಾ ನಗಲಿಲ್ಲ. ಅವಳು ಪಂಕಜಾಕ್ಷಿಯ ಅಕ್ಕನ ಮಗಳು, ಮೂವತ್ತೊಂದು ವರ್ಷ, ಮನಾಮದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಹೋಗಿದ್ದ. ಆಮೇಲೆ ಚಿಕ್ಕಮ್ಮ ಅವಳನ್ನು ಬಹರೈನಿಗೆ ಕರೆಸಿ, ಜಿಂಜ್‌ನ ತನ್ನ ಫ್ಲ್ಯಾಟಿನ ಒಂದು ಕೋಣೆ ಬಿಟ್ಟುಕೊಟ್ಟಿದ್ದಳು. ಆ ಕೋಣೆಯ ಗೋಡೆಯಲ್ಲಿ ತೀರಿಹೋದ ಗಂಡನ ಫೋಟೋ. ಎಲ್ಲ ತಕರಾರೂ ಅದರದ್ದೇ. ಫೋಟೋ ತನ್ನ ಜೊತೆ ಬರುತ್ತದೆ, ಗೋಡೆಯ ಮೇಲೆಯೇ ಇರುತ್ತದೆ ಎಂದದ್ದಕ್ಕೆ ಎರಡು ಸಂಬಂಧ ಮುರಿದಿದ್ದವು. ಒಬ್ಬ, ಆಲ್ಬಮ್ಮಿನಲ್ಲಿಟ್ಟರೆ ಸಾಲದೇ ಎಂದಿದ್ದ. ಇನ್ನೊಬ್ಬನ ತಾಯಿ ಅಪಶಕುನ ಎಂದು ಎದ್ದೇ ಹೋಗಿದ್ದಳು.

"ಇವತ್ತು ಆ ವಿಷಯ ಎತ್ತಬೇಡ, ಆಯ್ತಾ?" ಪಂಕಜಾಕ್ಷಿ ಹಿಂದೆ ತಿರುಗಿ ಹೇಳಿದಳು. "ತಾಳಿ ಕಟ್ಟಿದ ಮೇಲೆ ಮೆಲ್ಲ ಹೇಳಿದರಾಯ್ತು."

ಜ್ಯೋತ್ಸ್ನಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹುಡುಗ ವಿಖ್ಯಾತ್ ಮೊದಲೇ ಬಂದು ಬಿಸಿಲಲ್ಲಿ ನಿಂತಿದ್ದ. ಹುಡುಗ ಎಂದರೂ ಮೂವತ್ತಾರು ದಾಟಿತ್ತು. ಹತ್ತು ವರ್ಷ ಹಡಗಿನ ಎಂಜಿನ್ ರೂಮಿನಲ್ಲೇ ಕಳೆದಿದ್ದ. ಈಗ ಅಸ್ಕರ್ ಕಡೆಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸ, ಸೆಗಯಾದಲ್ಲಿ ಬಾಡಿಗೆ ಫ್ಲ್ಯಾಟು. ನಮಸ್ಕಾರಗಳಾದವು. ಅಷ್ಟರಲ್ಲಿ ಮೋಹನದಾಸ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಕಲ್ಲು ಕಾದ ಕಾವಲಿ! "ಅಯ್ಯಯ್ಯೋ" ಎಂದು ಕುಣಿಯುತ್ತ ವಾಪಸು ಬಂದ. ವಿಖ್ಯಾತ್ ನಗು ತಡೆಯಲು ಹೋಗಿ ಕೆಮ್ಮಿದ. ಜ್ಯೋತ್ಸ್ನಾಳಿಗೂ ನಗು ಬಂತು. ಇಬ್ಬರ ಕಣ್ಣೂ ಒಂದು ಸಲ ಕೂಡಿದವು.

ಆಗಲೇ ಕೇಳಿಸಿತು: "ಓ ಪಂಕಜಕ್ಕ! ನೀವೆಂತ ಇಲ್ಲಿ?"

ಪಕ್ಕದ ಫ್ಲ್ಯಾಟಿನ ರೊಕಿ ಮತ್ತು ಹೆಲೆನ್! ಕೈಯಲ್ಲಿ ಚಾಪೆ, ಬಿರಿಯಾನಿಯ ದೊಡ್ಡ ಪಾತ್ರೆ. ಇಡೀ ದ್ವೀಪದಲ್ಲಿ ಪಿಕ್‌ನಿಕ್ಕಿಗೆ ಇವರಿಗೆ ಬೇರೆ ಜಾಗ ಸಿಗಲಿಲ್ಲವೇ? ಪಂಕಜಾಕ್ಷಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸುದ್ದಿ ಹರಡದಂತೆ ತಡೆಯಬೇಕಾದರೆ ಇವರನ್ನು ಮಾತಿನಲ್ಲಿ ಕಟ್ಟಿಹಾಕಲೇಬೇಕು. "ಬನ್ನಿ ಬನ್ನಿ, ನೆರಳಲ್ಲಿ ಕೂರುವ" ಎಂದು ಇಬ್ಬರನ್ನೂ, ಜೊತೆಗೆ ಗಂಡನನ್ನೂ, ಕಾರಿನ ಮರೆಗೆ ಎಳೆದುಕೊಂಡು ಹೋದಳು.

ಹೀಗೆ ಜ್ಯೋತ್ಸ್ನಾ, ವಿಖ್ಯಾತ್ ಇಬ್ಬರೇ ಉಳಿದರು. ಏನು ಮಾತಾಡುವುದೆಂದು ತಿಳಿಯದೆ, ಕೆಳಗಿನ ಹಳೆಯ ಬಾವಿಗೆ ಇಳಿಯುವ ಮೆಟ್ಟಿಲ ಬಳಿ ಬಂದು ನಿಂತರು.

"ಇಲ್ಲಿ ನೀರು ಮೊದಲು, ಗುಡಿ ಆಮೇಲೆ ಅಂತ ಕಾಣ್ತದೆ," ಎಂದ ವಿಖ್ಯಾತ್. "ಹೀಗಿದ್ದೇ ಒಂದು ಜಾಗ ನಾನು ಸಾರ್ಡಿನಿಯಾ ದ್ವೀಪದಲ್ಲಿ ನೋಡಿದ್ದೇನೆ. ಹಡಗು ರಿಪೇರಿಗೆ ಅಂತ ಮೂರು ವಾರ ಅಲ್ಲೇ ಬಾಕಿ. ಗುಡ್ಡದ ಮೇಲೆ ಪ್ಯೂನಿಕ್ ಜನರ ಗುಡಿ. ಕಾರ್ತೇಜ್ ಕಡೆಯ ವ್ಯಾಪಾರಿಗಳು ಅವರು, ಹಡಗಿನಲ್ಲಿ ಬಂದವರು. ಅವರು ಬರುವ ಎಷ್ಟೋ ಮೊದಲೇ ಅಲ್ಲಿಯವರು ಆ ಜಾಗಕ್ಕೆ ಕೈ ಮುಗೀತಿದ್ರು, ಸತ್ತವರನ್ನು ಅಲ್ಲೇ ಹೂಳ್ತಿದ್ರು."

"ಮತ್ತೆ? ಹಳೇದನ್ನು ಕೆಡವಿದ್ರಾ?"

"ಇಲ್ಲ. ಅದರ ಹತ್ತಿರವೇ ತಮ್ಮದನ್ನು ಕಟ್ಟಿದ್ರು. ಬಲ ಇತ್ತು ಅವರಿಗೆ, ಕೆಡವಬಹುದಿತ್ತು." ಅವನು ಸ್ವಲ್ಪ ನಾಚಿದ. "ನಾನು ಅದನ್ನು ನೋಡಲು ಎರಡು ಸಲ ಹೋದೆ. ಜೊತೆಯವರೆಲ್ಲ ತಲೆ ಕೆಟ್ಟಿದೆ ಅಂದ್ರು."

ಅಯ್ಯೋ, ಇವನು ಒಳ್ಳೆಯವನು ಎನ್ನಿಸಿತು ಜ್ಯೋತ್ಸ್ನಾಳಿಗೆ. ಎನ್ನಿಸಿದ್ದೇ ಹೆದರಿಕೆಯಾಯಿತು. ಮೊದಲಿನ ಇಬ್ಬರಿಗೆ ಫೋಟೋದ ವಿಷಯ ಹೇಳುವಾಗ ಅವಳಿಗೆ ಹೆದರಿಕೆಯೇ ಆಗಿರಲಿಲ್ಲ. ಹೋದರೆ ಹೋಗಲಿ ಎಂದಿತ್ತು. ಇವನು ಹೋಗುವುದು ಅವಳಿಗೆ ಬೇಡವಾಗಿತ್ತು. ಚಿಕ್ಕಮ್ಮ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡರೆ? ಆಗ ಫೋಟೋ ಎಲ್ಲೋ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಅಡಿಯಲ್ಲಿ ಇರಬೇಕು. ಅದು ಅವಳಿಂದಾಗದು.

"ಒಂದು ವಿಷಯ ಹೇಳಬೇಕು," ಎಂದವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು.

ವಿಖ್ಯಾತ್ ಬಾವಿಯ ಕಡೆ ನೋಡಿದ, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಆ ಕಡೆ ಹೆಲೆನ್ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ಮುಗಿಯಿತು, ಮೂರನೆಯದೂ ಹೋಯಿತು ಎಂದುಕೊಂಡಳು ಜ್ಯೋತ್ಸ್ನಾ.

"ಸುಳ್ಳು ಹೇಳುವುದಿಲ್ಲ," ಎಂದ ಅವನು ಕೊನೆಗೆ. "ನನಗೆ ಸ್ವಲ್ಪ ಕಷ್ಟ ಆಗ್ತದೆ. ದಿನಾ ಬೆಳಿಗ್ಗೆ ಎದ್ದು ಅವರ ಮುಖ ನೋಡಬೇಕಲ್ಲ? ಬೆಡ್‌ರೂಮಿನಲ್ಲಿ ಬೇಡ, ಆಗದಾ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ಅಂದ್ರೆ?"

"ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಉಂಟು. ಆದರೆ ಏಸಿಯ ನೀರು ಸೋರಿ ತೇವ ಆಗ್ತದೆ. ಅದನ್ನು ರಿಪೇರಿ ಮಾಡಿಸ್ತೇನೆ." ಆಮೇಲೆ ಕೇಳಿದ, "ಅವರ ಹೆಸರೆಂತ?"

ನಾಲ್ಕು ವರ್ಷದಿಂದ ಯಾರೂ ಆ ಹೆಸರೆತ್ತಿರಲಿಲ್ಲ. 'ಆ ವಿಷಯ' ಎನ್ನುತ್ತಿದ್ದರು, 'ಪಾಪದವ' ಎನ್ನುತ್ತಿದ್ದರು, ಸಂಬಂಧ ನೋಡಲು ಬಂದವರಂತೂ ಕೇಳಿಯೇ ಇರಲಿಲ್ಲ.

"ಯಶೋಧರ."

"ಹಾಗಾದ್ರೆ ಯಶೋಧರಣ್ಣ ಹಾಲ್‌ನಲ್ಲಿ," ಎಂದ ವಿಖ್ಯಾತ್.

ಜ್ಯೋತ್ಸ್ನಾ ಮುಖ ಮುಚ್ಚಿಕೊಂಡು ಹೋ ಎಂದು ಅತ್ತಳು. ಬಿರಿಯಾನಿಯ ತಟ್ಟೆ ಹಿಡಿದೇ ಪಂಕಜಾಕ್ಷಿ ಓಡಿಬಂದಳು.

"ಹೇಳಿಬಿಟ್ಟೆಯಾ? ಬೇಡ ಅಂತ ಅಷ್ಟು ಬಡಕೊಂಡೆನಲ್ಲ! ಎಂತ ಹೇಳಿದ್ರು ಅವರು?"

"ಅಣ್ಣ ಅಂದ್ರು ಚಿಕ್ಕಮ್ಮ," ಎಂದಳು ಜ್ಯೋತ್ಸ್ನಾ ಬಿಕ್ಕುತ್ತ. "ಯಶೋಧರಣ್ಣ ಅಂದ್ರು."

ಪಂಕಜಾಕ್ಷಿ ಅವನ ಮುಖ ನೋಡಿದಳು, ಅವಳ ಮುಖ ನೋಡಿದಳು. ತಟ್ಟೆ ಹಿಡಿದುಕೊಂಡೇ ಅಲ್ಲಿ ಸುಡುವ ಮೆಟ್ಟಿಲ ಮೇಲೆ ಕೂತುಬಿಟ್ಟಳು.