ಪಕ್ಷೇತರ ಬೀರಾನ್

"ಹೆಗಲು ತೆಗೀರಿ ನಾಸಿರ್ ಕಾಕ."

ಸುಲೈಬಿಖಾತ್ ಖಬರಸ್ತಾನದ ಗೇಟು ದಾಟುವಾಗಲೇ ಬಾಸಿತ್ ಗುಡುಗಿದ. ತನ್ನ ಅಣ್ಣ ಬೀರಾನನ ಹೆಣ ಹೊತ್ತ ಮಯ್ಯಿತ್ತಿನ ಮಂಚಕ್ಕೆ ಅಬ್ದುಲ್ ನಾಸಿರ್ ಹೆಗಲು ಕೊಟ್ಟದ್ದನ್ನು ಕಂಡು ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ನಾಸಿರ್ ಅಂದರೆ ಈ ಕೊಲ್ಲಿ ದೇಶದಲ್ಲಿ ದುಡಿಯುವ ಊರಿನವರ ಕರಾವಳಿ ಸ್ನೇಹಕೂಟದ ಅಧ್ಯಕ್ಷ. ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಫ್ಲ್ಯಾಟು, ಊರಿಂದ ಬರುವ ಪಕ್ಷದ ದೊಡ್ಡವರಿಗೆಲ್ಲ ಏರ್‌ಪೋರ್ಟಿನಲ್ಲಿ ಹಾರ ಹಾಕುವುದೇ ಕೆಲಸ. ಇವತ್ತೂ ಫೋಟೋ ತೆಗೆಯಲು ಒಬ್ಬನನ್ನು ಜೊತೆಗೇ ಕರೆತಂದಿದ್ದ. ನಾಚಿಕೆ ಮಾನ ಮರ್ಯಾದೆ ಅನ್ನುವುದು ಏನಾದರೂ ಬೇಡವೇ!

"ಎಂತ ಮಾರಾಯ, ಇಲ್ಲಿ ಬಂದು ಜಗಳವಾ?" ನಾಸಿರ್ ದನಿ ತಗ್ಗಿಸಿದ. "ಬೀರಾನ್ ನಮ್ಮವನೇ ಅಲ್ವಾ?"

"ನಿಮ್ಮವರಾ? ಯಾವಾಗಿಂದ?"

ಲಾಂಡ್ರಿಯಲ್ಲಿ ಬೀರಾನನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುತ್ತಿದ್ದ ಸುಹೈಬ್ ನಡುವೆ ನುಗ್ಗಿ ಆ ಜಾಗಕ್ಕೆ ತನ್ನ ಹೆಗಲು ಕೊಟ್ಟ. ನಾಸಿರ್ ಹಿಂದೆ ಸರಿದ.

ಬೆಳಿಗ್ಗೆ ಊರಿಂದ ಅತ್ತಿಗೆ ಫರ್ಸಾನಾ ಫೋನಿನಲ್ಲಿ ಹೇಳಿದ್ದು ಬಾಸಿತನ ಕಿವಿಯಲ್ಲಿ ಇನ್ನೂ ಇತ್ತು. "ಇಲ್ಲಿಗೆ ತರುವುದು ಬೇಡ ಬಾಸಿತ್. ನೋಡ್ಲಿಕ್ಕೆ ಬಂದವರು ಅಂಗಳದಲ್ಲಿ ನಿಂತು 'ವೋಟು ಒಡೀಲಿಕ್ಕೆ ದುಡ್ಡು ತಿಂದವ' ಅಂತಾರೆ. ಶಬ್ನಾಳಿಗೆ ಕಾಲೇಜಿನಲ್ಲೂ ಅದೇ ಮಾತು, ಅಪ್ಪ ಸತ್ತ ದಿನವೂ ಮಗಳು ಅದನ್ನೇ ಕೇಳ್ಬೇಕಾ? ಅಲ್ಲೇ ದಫನ ಮಾಡು. ಆದ್ರೆ ಮಣ್ಣು ಬೀಳುವ ಮೊದಲು ಅವರ ಹೆಸರು ತೊಳೆದು ಕೊಡು. ಆಮೇಲೆ ಯಾರು ಕೇಳ್ತಾರೆ?"

* * *

ಈ ವೋಟಿನ ಕಥೆ ಶುರುವಾದದ್ದು ಕಳೆದ ಚುನಾವಣೆಗೆ ಮೊದಲು, ಮಹಬೂಲಾದ ಕೋಣೆಯಲ್ಲಿ ಬೀರಾನನ ಜೊತೆಗಿದ್ದ ಊರಿನವನೊಬ್ಬ ಸತ್ತಾಗ. ಕಾಗದಪತ್ರ ಮುಗಿಯದೆ ಅವನ ಹೆಣ ಶವಾಗಾರದಲ್ಲೇ ಬಿದ್ದಿತ್ತು. ಬೀರಾನ್ ಊರಿನ ಶಾಸಕರಿಗೆ ಫೋನು ಮಾಡಿ ಮಾಡಿ ಸೋತ. ಸಾಹೇಬರು ಯಾವತ್ತೂ ಮೀಟಿಂಗಿನಲ್ಲೇ.

"ಫೋನೆತ್ತದವನಿಗೆ ನಾವ್ಯಾಕೆ ವೋಟು ಹಾಕ್ಬೇಕು? ಈ ಸಲ ನಾನೇ ನಿಲ್ತೇನೆ," ಅಂದ ಬೀರಾನ್.

ಕೋಣೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸ್ನೇಹಕೂಟದ ಪರವಾಗಿ ಅಲ್ಲಿಗೆ ಬಂದಿದ್ದ ನಾಸಿರ್ ಮಾತ್ರ ನಗಲಿಲ್ಲ. ತನ್ನ ಅಳಿಯನಿಗೆ ಪಕ್ಷ ಟಿಕೆಟ್ ಕೊಟ್ಟಿಲ್ಲವೆಂಬ ಸಿಟ್ಟು ಅವನಿಗೆ. "ನಿಲ್ಲು ಬೀರಾನ್, ನಾವಿದ್ದೇವೆ," ಅಂದ.

ಬೀರಾನ್ ವೀಸಾ ಕೊಟ್ಟ ಧಣಿ ಕಫೀಲನ ಕೈಕಾಲು ಹಿಡಿದು ರಜೆ ಪಡೆದು ಊರಿಗೆ ಹೋದ. ಪಕ್ಷೇತರನಿಗೆ ಸಿಕ್ಕ ಗುರುತು ಇಸ್ತ್ರಿ ಪೆಟ್ಟಿಗೆ. "ಅಲ್ಲಿಯೂ ಇದೇ, ಇಲ್ಲಿಯೂ ಇದೇ," ಎಂದು ನಗುತ್ತ, ಬಾಡಿಗೆ ರಿಕ್ಷಾದಲ್ಲಿ ಮನೆಮನೆ ಸುತ್ತಿದ. ಜನ ಕೇಳತೊಡಗಿದ್ದರು ಕೂಡ. ಅಷ್ಟರಲ್ಲಿ ಪಕ್ಷದವರು ನಾಸಿರನ ಅಳಿಯನಿಗೆ ಏನೋ ಒಂದು ಹುದ್ದೆ ಕೊಟ್ಟು ಸಮಾಧಾನ ಮಾಡಿದರು. ಮತದಾನದ ಮುನ್ನಾದಿನ ನಾಸಿರನ ದನಿ ಎಲ್ಲರ ವಾಟ್ಸಾಪಿಗೆ ಬಂತು: "ಬೀರಾನ್ ಎದುರು ಪಕ್ಷದಿಂದ ದುಡ್ಡು ತಗೊಂಡಿದ್ದಾನೆ. ನನಗೆ ಸರಿಯಾಗಿ ಗೊತ್ತುಂಟು."

ಬೀರಾನನ ಠೇವಣಿ ಹೋಯಿತು. ನಾಸಿರನ ಪಕ್ಷವೂ ಕೂದಲೆಳೆ ಅಂತರದಲ್ಲಿ ಸೋತಿತು, ಆ ಪಾಪವೂ ಅವನ ತಲೆಗೇ ಬಂತು. ವಾಪಸು ಬಂದರೆ ಮಹಬೂಲಾದ ಊರಿನವರು ಅವನ ಸಲಾಮಿಗೆ ಮುಖ ತಿರುಗಿಸಿದರು.

"ಬಿಡು ಬಾಸಿತ್, ಒಂದು ದಿನ ನಾಸಿರನೇ ಹೇಳ್ತಾನೆ," ಎನ್ನುತ್ತಿದ್ದ ಬೀರಾನ್. ಥೂ, ಅಂಥವನ ಬಾಯಿಂದ ಸತ್ಯ ಬರುತ್ತದೆಂದು ಕಾದು ಕೂತ ಪುಣ್ಯಾತ್ಮ! ಮೊನ್ನೆ ಇಸ್ತ್ರಿ ಮೇಜಿನ ಮೇಲೇ ಎದೆ ಹಿಡಿದು ಕುಸಿದ, ಮತ್ತೆ ಏಳಲಿಲ್ಲ.

* * *

ನಮಾಝ್ ಮುಗಿದು ಮಯ್ಯಿತ್ತನ್ನು ಖಬರಿಗೆ ಇಳಿಸಿ ಕಲ್ಲು ಮುಚ್ಚಿದರು. ನಾಸಿರ್ ಹಿರಿಯನ ಗತ್ತಿನಲ್ಲಿ ಮುಂದೆ ಬಂದ.

"ಬಾಸಿತ್, ಮನೆಯವರ ಪರವಾಗಿ ಮಾಫ್ ಕೇಳಿಬಿಡು. ಅಣ್ಣನಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿ ಅಂತ. ಕ್ರಮ ಬಿಡ್ಬಾರ್ದಲ್ವಾ."

"ಕೇಳ್ತೇನೆ." ಬಾಸಿತ್ ಅತ್ತಿಗೆಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ಕೈಯಲ್ಲಿ ಎತ್ತಿ ಹಿಡಿದ. "ಅಣ್ಣನಿಂದ ನಿಮಗೆ ನೋವಾಗಿದ್ರೆ ಮಾಫ್ ಮಾಡಿ. ಆಯ್ತಾ? ಈಗ ನಿಮ್ಮ ಸರದಿ. ದುಡ್ಡು ತಿಂದ ಅಂತ ಹೇಳಿದವರು, ಅದನ್ನು ನಾಲ್ಕು ಜನರಿಗೆ ಕಳಿಸಿದವರು, ಸಲಾಂ ಹೇಳಿದ್ರೆ ಮುಖ ತಿರುಗಿಸಿದವರು, ಒಬ್ಬೊಬ್ಬರೇ ಬಂದು ಅಣ್ಣನ ಹತ್ರ ಮಾಫ್ ಕೇಳಿ. ಆಮೇಲೆ ಮಣ್ಣು ಹಾಕಿ. ಕೇಳದವರು ಮಣ್ಣು ಮುಟ್ಬೇಡಿ!"

ಮೊದಲು ಮುಂದೆ ಬಂದವನು ಸುಹೈಬ್.

"ನಾನೂ ಕಳಿಸಿದ್ದೆ ಬೀರಾನ್ ಕಾಕ. ಸುಳ್ಳು ಅಂತ ಗೊತ್ತಿತ್ತು, ಆದ್ರೂ ಕಳಿಸಿದೆ. ಮಾಫ್ ಮಾಡಿ." ಅವನು ಬಗ್ಗಿ ಮೂರು ಹಿಡಿ ಮಣ್ಣು ಹಾಕಿದ. ನೀನೂ ಏನೋ ಎಂದು ಬಾಸಿತ್ ಹಲ್ಲು ಕಡಿದ.

ಅವನ ಹಿಂದೆ ಒಬ್ಬ ಡ್ರೈವರ್ ಬಂದ. ಆಮೇಲೆ ಕಿರಾಣಿ ಅಂಗಡಿಯವನು. ಒಬ್ಬೊಬ್ಬರೇ ಬಂದರು, ಹೇಳಿದರು, ಮಣ್ಣು ಹಾಕಿ ಸರಿದರು. ಫೋಟೋದವನೂ ಕ್ಯಾಮೆರಾ ಕೆಳಗಿಟ್ಟು ಬಂದ.

"ನಾಸಿರ್ ಕಾಕ ಹೇಳಿದ್ರಾ?" ಫೋನಿನಿಂದ ಫರ್ಸಾನಾಳ ದನಿ ಎಲ್ಲರಿಗೂ ಕೇಳಿಸಿತು.

ಸಲಿಕೆ ಹಿಡಿದು ಕಾಯುತ್ತಿದ್ದ ಖಬರಸ್ತಾನದ ಆಳು "ಯಲ್ಲಾ, ಖಲಾಸ್?" ಎಂದು, ಕೆಲಸ ಮುಗಿಯಿತೇ ಎಂಬಂತೆ ಕೇಳಿದ. ಖಬರಿನ ಅಂಚಿನಲ್ಲಿ ಮುಷ್ಟಿ ಬಿಗಿದು ನಿಂತ ನಾಸಿರನ ತುಟಿ ಎರಡು ಸಲ ಅಲುಗಿತು, ಮಾತು ಹೊರಡಲಿಲ್ಲ. ಹಿಡಿದ ಮರಳು ಬೆರಳ ಸಂದಿಯಿಂದ ಸೋರಿ ಅವನ ಹೊಳೆಯುವ ಬೂಟಿನ ಮೇಲೆ ಬೀಳುತ್ತಲೇ ಇತ್ತು.